ಹಳೇ ಹಲಗೆಯ ಪರವಾಗಿ ಒಂದು ಜಗಳ

ಹಳೇ ವಿಂಡ್‌ಸರ್ಫಿಂಗ್ ಬೋರ್ಡುಗಳ ಬಗ್ಗೆ ಯಾರಾದ್ರೂ ಸ್ವಲ್ಪ ಅಕ್ಕರೆಯಿಂದ ಮಾತಾಡಿದ್ರೆ ಸಾಕು, ಹೊಸಬರ ಹತ್ರ ಒಂದು ಉತ್ತರ ರೆಡಿ ಇರುತ್ತೆ: "ಬಿಡಿ ಸಾರ್, ನೀವು ಮಿಸ್ ಮಾಡ್ಕೊಳ್ತಿರೋದು ಬೋರ್ಡನ್ನಲ್ಲ, ನಿಮ್ಮ ವಯಸ್ಸನ್ನ!"

ಚೆನ್ನಾಗಿರೋ ಮಾತು. ಕೇಳಿದವರಿಗೆ ನಗು ಬರುತ್ತೆ, ಹೇಳಿದವರಿಗೆ ಗೆದ್ದ ಖುಷಿ. ಆದ್ರೆ ಸುಳ್ಳು. ಅದಕ್ಕೇ ಈ ಪೋಸ್ಟು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

ನನ್ನ ವಾದ ಇಷ್ಟೇ. ಹಳೇ ಉದ್ದದ ಬೋರ್ಡು ಕೆಟ್ಟದಾಗಿತ್ತು, ಹೊಸದು ಬಂದು ಅದನ್ನ ಸೋಲಿಸ್ತು ಅನ್ನೋ ಕಥೆಯನ್ನ ಬರೆದವರು ಗೆದ್ದವರು. ನಿಜವಾಗಿ ನಡೆದದ್ದು ಬೇರೆ. ಸಾಧಾರಣ ಗಾಳಿಯಲ್ಲಿ, ಸಾಧಾರಣ ಮೈಕಟ್ಟಿನ, ಸಾಧಾರಣ ದುಡ್ಡಿರೋ ಮನುಷ್ಯ ಆಡಬಹುದಾಗಿದ್ದ ಒಂದು ಆಟವನ್ನ, ವೇಗದ ಹುಚ್ಚಿಗೆ ಬಿದ್ದು, ಕೆಲವೇ ಕೆಲವರ ಆಟ ಮಾಡಿದ್ರು. ಆಮೇಲೆ "ಅಯ್ಯೋ, ಜನ ಯಾಕೆ ಬರ್ತಿಲ್ಲ?" ಅಂತ ತಲೆ ಮೇಲೆ ಕೈ ಹೊತ್ತು ಕೂತ್ರು. ಹಳೇ ಹಲಗೆಯ ನೆನಪು ಬರೀ ನೆನಪಲ್ಲ ಸ್ವಾಮಿ, ಅದೊಂದು ತಕರಾರು ಅರ್ಜಿ.

*

ಈ ಆಟ ನೋಡದೇ ಇರೋರಿಗೆ ಮೊದಲು ಎರಡು ಮಾತು.

ಹಾಯಿದೋಣಿಯಲ್ಲಿ ಕಂಬ ನೆಟ್ಟಗೆ ನಿಂತಿರುತ್ತೆ. ಅದನ್ನ ಅಲ್ಲಾಡದ ಹಾಗೆ ತಂತಿಯಿಂದಲೋ ಹಗ್ಗದಿಂದಲೋ ಬಿಗಿದಿರ್ತಾರೆ, ತಿರುಗಿಸೋದಕ್ಕೆ ಹಿಂದೆ ಚುಕ್ಕಾಣಿ ಇರುತ್ತೆ. ವಿಂಡ್‌ಸರ್ಫಿಂಗಿನಲ್ಲಿ ಚುಕ್ಕಾಣಿಯೇ ಇಲ್ಲ. ಒಂದು ಹಲಗೆ, ಅದರ ಮೇಲೊಂದು ಕಂಬ, ಕಂಬದ ಬುಡದಲ್ಲಿ ಎಲ್ಲಾ ದಿಕ್ಕಿಗೂ ಬಾಗೋ ಒಂದು ಕೀಲು. ಅದಕ್ಕೆ ಯೂನಿವರ್ಸಲ್ ಜಾಯಿಂಟ್ ಅಂತಾರೆ. ಹಾಯಿಯ ಎರಡೂ ಪಕ್ಕ ಬಳಸಿಕೊಂಡು ಬರೋ ಹಿಡಿಕೆ ಬೂಮು. ನೀವು ಬೂಮ್ ಹಿಡಿದು ನಿಂತಿದ್ರೆ ಮಾತ್ರ ಹಾಯಿ ನಿಂತಿರುತ್ತೆ, ಕೈ ಬಿಟ್ರೆ ಅದು ದೊಪ್ಪನೆ ನೀರಿಗೆ. ಹಾಯಿಯನ್ನ ಮುಂದಕ್ಕೆ ವಾಲಿಸಿದ್ರೆ ಹಲಗೆಯ ಮೂತಿ ಗಾಳಿಯಿಂದ ಆಚೆ ತಿರುಗುತ್ತೆ, ಹಿಂದಕ್ಕೆ ವಾಲಿಸಿದ್ರೆ ಗಾಳಿಯ ಕಡೆಗೆ ತಿರುಗುತ್ತೆ. ಅಂದ್ರೆ ಚುಕ್ಕಾಣಿ, ಕಂಬ ಬಿಗಿಯೋ ಹಗ್ಗ, ತೂಕ ಸರಿದೂಗಿಸೋ ಕಲ್ಲು ಎಲ್ಲಾ ನೀವೇ. ಈ ಕೀಲಿನ ಐಡಿಯಾದಷ್ಟು ಸರಳವಾದ, ಅಷ್ಟು ಜಾಣತನದ ಯೋಚನೆ ಆಟದ ಸಾಮಾನುಗಳಲ್ಲಿ ಬಹಳ ಕಮ್ಮಿ.

1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನ ಮಾಡಿ ನೀರಿಗಿಳಿಸಿದ್ದು ಜಿಮ್ ಡ್ರೇಕ್, ವಿಮಾನ ತಂತ್ರಜ್ಞಾನದ ಇಂಜಿನಿಯರು. ಜೊತೆಗಿದ್ದವರು ಹೊಯ್ಲ್ ಶ್ವೈಟ್ಜರ್. 1968ರಲ್ಲಿ ಇಬ್ಬರೂ ಸೇರಿ ಪೇಟೆಂಟಿಗೆ ಅರ್ಜಿ ಹಾಕಿದ್ರು, 1970ರ ಜನವರಿಯಲ್ಲಿ ಅದು ಸಿಕ್ತು. ಶ್ವೈಟ್ಜರ್ ಅದನ್ನ "ವಿಂಡ್‌ಸರ್ಫರ್" ಅನ್ನೋ ಹೆಸರಲ್ಲಿ ಮಾರಿದ್ರು. 12 ಅಡಿ ಉದ್ದದ ಪಾಲಿಥೀನ್ ಹಲಗೆ, 56 ಚದರ ಅಡಿಯ ಹಾಯಿ, ತೇಗದ ಮರದ ಬೂಮು, ನಡುವೆ ಒಂದು ಸೀಳಿನಲ್ಲಿ ಇಳಿಬಿಡೋ ಮರದ ಡ್ಯಾಗರ್‌ಬೋರ್ಡು (ಹಲಗೆ ಪಕ್ಕಕ್ಕೆ ಜಾರದ ಹಾಗೆ ನೀರನ್ನ ಕಚ್ಚಿ ಹಿಡಿಯೋ ಪಟ್ಟಿ). ಅಷ್ಟೇ ಸಾಮಾನು. ಕಾರಿನ ಮೇಲೆ ಕಟ್ಕೊಂಡು ಹೋಗಬಹುದಾದ ಹಾಯಿದೋಣಿ.

ಎಪ್ಪತ್ತರ ದಶಕದಲ್ಲಿ ಹಾಲೆಂಡಿನ ಟೆನ್ ಕಾಟೆ ಕಂಪನಿ ಲೈಸೆನ್ಸ್ ತಗೊಂಡು ಮಾಡೋಕೆ ಶುರುಮಾಡಿದ ಮೇಲೆ ಯುರೋಪಿನ ಕೆರೆ, ಕಾಲುವೆ, ಸಮುದ್ರ ತೀರಗಳಲ್ಲೆಲ್ಲಾ ಇದೇ ಆಯ್ತು. ಗಮನಿಸಿ, ಕೆರೆ ಮತ್ತು ಕಾಲುವೆ! ಅಲ್ಲಿ ಹವಾಯಿ ದ್ವೀಪದ ಗಾಳಿ ಬೀಸಲ್ಲ. ಆದ್ರೂ ಜನ ಆಡಿದ್ರು, ಯಾಕಂದ್ರೆ ಆ ಹಲಗೆಗೆ ಅದು ಸಾಕಾಗ್ತಿತ್ತು.

*

ನಾನು ಕಲಿತದ್ದು 1998ರಲ್ಲಿ, ಮೌಂಟನ್ ವ್ಯೂ ಊರಿನ ಶೋರ್‌ಲೈನ್ ಕೆರೆಯಲ್ಲಿ. ವೈಟುಕೆ ಕೆಲಸಕ್ಕೆ ಅಂತ ನಮ್ಮಂಥವರನ್ನ ವಿಮಾನದ ತುಂಬ ತುಂಬಿಕೊಂಡು ಹೋಗ್ತಿದ್ದ ಕಾಲ. ಆ ಹೊತ್ತಿಗಾಗಲೇ ಉದ್ದದ ಬೋರ್ಡಿಗೆ ಕವಡೆ ಕಾಸಿನ ಬೆಲೆ ಇರಲಿಲ್ಲ. ಗರಾಜಿನಲ್ಲಿ ಜಾಗ ಖಾಲಿಯಾದ್ರೆ ಸಾಕು ಅಂತ ಎಂಬತ್ತರ ದಶಕದ ಬೋರ್ಡು, ಕಂಬ, ಎರಡು ಹಾಯಿ ಎಲ್ಲಾ ಸೇರಿಸಿ ಒಂದು ಹಳೇ ಸೈಕಲ್ಲಿನ ರೇಟಿಗೆ ಕೊಟ್ಟು ಕಳಿಸ್ತಿದ್ರು. ನನಗೆ ಅದೇ ಬೇಕಿತ್ತು.

ಮೊದಲ ದಿನ ಹಾಯಿ ಎತ್ತೋದೇ ಒಂದು ಕಥೆ. ಹಾಯಿ ನೀರಲ್ಲಿ ಮಲಗಿರುತ್ತೆ, ಮೇಲೆ ನೀರು ನಿಂತಿರುತ್ತೆ. ಹಲಗೆ ಮೇಲೆ ನಿಂತು, ಗಂಟು ಗಂಟು ಹಾಕಿದ ದಪ್ಪ ಹಗ್ಗ ಹಿಡಿದು, ಬಾವಿಯಿಂದ ಕೊಡ ಸೇದಿದ ಹಾಗೆ ಸೇದಬೇಕು. ಸೊಂಟದ ಬದಲು ಮಂಡಿಯಲ್ಲಿ ಬಲ ಹಾಕೋದು ಗೊತ್ತಾಗೋವರೆಗೂ ಬೆನ್ನು ಹಿಡ್ಕೊಳ್ಳೋದು ಗ್ಯಾರಂಟಿ. ಎತ್ತಿದೆ, ಬಿದ್ದೆ. ಎತ್ತಿದೆ, ಬಿದ್ದೆ. ಎಷ್ಟೋ ಸಲ ಆದ ಮೇಲೆ ಒಂದು ಸಲ ಎತ್ತಿದೆ, ಬೀಳಲಿಲ್ಲ! ಬೂಮ್ ಎಳ್ಕೊಂಡೆ, ಕಾಲ ಕೆಳಗೆ ಹಲಗೆ ಮೆಲ್ಲಗೆ ಹೊರಡ್ತು, ಮೂತಿಯ ಹತ್ರ ನೀರು ಗುಳುಗುಳು ಅಂತ ಸದ್ದು ಮಾಡ್ತು. ಅವತ್ತು ಇದ್ದ ಗಾಳಿಗೆ ಮರದ ಎಲೆ ಅಲ್ಲಾಡ್ತಿತ್ತು, ಕೊಂಬೆ ಅಲ್ಲಾಡ್ತಿರಲಿಲ್ಲ. ಅಷ್ಟು ಗಾಳಿಗೆ ನಾನು ಕೆರೆ ದಾಟಿ, ತಿರುಗಿಸಿಕೊಂಡು ವಾಪಸ್ ಬಂದೆ.

ಹಳೇ ಸಾಮಾನಿನಲ್ಲಿ ಹುಳುಕಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಮೊದಲ ಕಾಲದ ಬೂಮುಗಳನ್ನ ಕಂಬಕ್ಕೆ ಹಗ್ಗದಲ್ಲೇ ಬಿಗಿಯಬೇಕಿತ್ತು. ನಡುನೀರಲ್ಲಿ ಆ ಗಂಟು ಸಡಿಲಾದ್ರೆ ಬೂಮು ಮುರಿದ ಬಾಗಿಲ ಚಿಲಕದ ಹಾಗೆ ಲಟಲಟ ಅಂತಿತ್ತು. ಒಂದೇ ಸಲಕ್ಕೆ ಕಚಕ್ಕಂತ ಕಚ್ಚಿಕೊಳ್ಳೋ ಬೂಮು ಬಂದದ್ದು ಎಂಬತ್ತರ ದಶಕದಲ್ಲಿ. ಅದನ್ನ ಕಂಡುಹಿಡಿದವರ ಕೈಗೆ ನಮಸ್ಕಾರ. ಡೇಕ್ರಾನ್ ಬಟ್ಟೆಯ ಹಾಯಿ ಜೋರು ಗಾಳಿಗೆ ಹಿಗ್ಗಿ, ಒದ್ದೆ ಪಂಚೆಯ ಹಾಗೆ ಜೋತುಬೀಳ್ತಿತ್ತು. ಹಲಗೆ 20 ಕೆಜಿ ಮೇಲೆ ತೂಗ್ತಿತ್ತು, ಒಬ್ಬರೇ ಹೊತ್ತು ದಡಕ್ಕೆ ತರೋ ಹೊತ್ತಿಗೆ ಹೆಗಲು ಬಿದ್ದುಹೋಗೋದು. ಕಂಬ ಕಾರ್ಬನ್ನಿನದಾದ್ರೆ, ಹಾಯಿ ಹಗುರ ಪ್ಲಾಸ್ಟಿಕ್ ಹಾಳೆಯದಾದ್ರೆ ಎಲ್ಲರಿಗೂ ಒಳ್ಳೇದೇ. ಅದರ ಮೇಲೆ ನನ್ನ ಜಗಳ ಇಲ್ಲವೇ ಇಲ್ಲ.

ನನ್ನ ಜಗಳ ಇರೋದು, ಈ ಹುಳುಕುಗಳನ್ನ ರಿಪೇರಿ ಮಾಡೋ ನೆಪದಲ್ಲಿ ಹಲಗೆಯನ್ನೇ ಕಿತ್ಕೊಂಡದ್ದರ ಮೇಲೆ.

*

ಅದು ಆದದ್ದು ಹೀಗೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹವಾಯಿಯ ಹುಡುಗರು ದೊಡ್ಡ ಗಾಳಿ, ದೊಡ್ಡ ಅಲೆಗೆ ಅಂತ ಹಲಗೆಗೆ ಕಾಲಪಟ್ಟಿ ಹಾಕಿದ್ರು, ಸೊಂಟಕ್ಕೆ ಕೊಕ್ಕೆಯ ಹಾರ್ನೆಸ್ ಕಟ್ಕೊಂಡ್ರು, ಆಮೇಲೆ ಹಲಗೆಯನ್ನ ಕತ್ತರಿಸಿ ಕತ್ತರಿಸಿ ಸಣ್ಣದು ಮಾಡ್ತಾ ಹೋದ್ರು. ಅಲ್ಲಿಯ ಗಾಳಿಗೆ, ಅಲ್ಲಿಯ ಅಲೆಗೆ ಅದು ಸರಿಯಾದ ಸಾಮಾನೇ. 1976ರಲ್ಲಿ, ಬರೀ 13ನೇ ವಯಸ್ಸಿಗೆ, ಉದ್ದದ ಹಲಗೆಯ ಮೇಲೇ ವಿಶ್ವ ಚಾಂಪಿಯನ್ ಆಗಿದ್ದ ರಾಬಿ ನೇಶ್ ಸಣ್ಣ ಹಲಗೆಯ ಮೇಲೆ ಅಲೆಯಿಂದ ಹಾರೋ ಫೋಟೋಗಳು ಎಲ್ಲಾ ಮ್ಯಾಗಜೀನುಗಳಲ್ಲೂ ಬಂದವು. ನೋಡೋಕೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ.

ಕೆಲಸ ಕೆಟ್ಟದ್ದು ಆಮೇಲೆ. ಆ ಫೋಟೋ ನೋಡಿದ ಕಂಪನಿಗಳು ಅದೇ ಸಾಮಾನನ್ನ ಜರ್ಮನಿಯ ಕೆರೆಯವನಿಗೂ, ಇಂಗ್ಲೆಂಡಿನ ಕೊಳದವನಿಗೂ ಮಾರೋಕೆ ಹೊರಟವು. "ಉದ್ದದ ಬೋರ್ಡು ಕಲಿಯೋರದ್ದು, ನಿಜವಾದ ವಿಂಡ್‌ಸರ್ಫರ್ ಸಣ್ಣದರ ಮೇಲೆ ನಿಲ್ತಾನೆ" ಅನ್ನೋ ಮಾತು ಅಂಗಡಿಯಲ್ಲೂ ಹುಟ್ತು, ದಡದಲ್ಲೂ ಬೆಳೀತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಲೀಟರ್ ಗಾತ್ರದ ಹಲಗೆ ನೀರಲ್ಲಿ ಸುಮಾರು ಒಂದು ಕೆಜಿ ಭಾರ ತೇಲಿಸುತ್ತೆ, ಅದರಲ್ಲೇ ಹಲಗೆಯ ಸ್ವಂತ ತೂಕವೂ ಸೇರಿತು. ನಿಮ್ಮ ತೂಕ 75 ಕೆಜಿ ಅಂತಿಟ್ಕೊಳ್ಳಿ. ಹಲಗೆ, ಕಂಬ, ಹಾಯಿ, ಬೂಮು ಎಲ್ಲಾ ಸೇರಿ ಇನ್ನೊಂದು 15-20 ಕೆಜಿ. 200 ಲೀಟರಿನ ಉದ್ದದ ಹಲಗೆ ನಿಮ್ಮನ್ನ ಗಾಳಿ ಇರಲಿ ಇಲ್ಲದಿರಲಿ ಹೊತ್ಕೊಂಡು ನಿಲ್ಲುತ್ತೆ. 80 ಲೀಟರಿನ ಹಲಗೆಯ ಮೇಲೆ ಸುಮ್ನೆ ನಿಂತ್ರೆ? ಮುಳುಗ್ತೀರ. ಅದಕ್ಕೆ ಅವರೇ ಹೆಮ್ಮೆಯಿಂದ ಇಟ್ಟ ಹೆಸರು ಸಿಂಕರ್, ಅಂದ್ರೆ ಮುಳುಗೋದು! ಅದು ತೇಲಬೇಕಾದ್ರೆ ಓಡ್ತಾನೇ ಇರಬೇಕು. ನೀರಿನ ಮೇಲ್ಮೈ ಮೇಲೆ ಜಾರೋ ಆ ಓಟಕ್ಕೆ ಪ್ಲೇನಿಂಗ್ ಅಂತಾರೆ. ಅದಕ್ಕೆ ಸಾಮಾನ್ಯವಾಗಿ 12-15 ನಾಟ್ ಗಾಳಿ ಬೇಕು. 15 ನಾಟ್ ಅಂದ್ರೆ ಗಂಟೆಗೆ 28 ಕಿಮೀ ಹತ್ತಿರ. ರಸ್ತೆಯ ಧೂಳು, ಕಾಗದದ ಚೂರು ಎದ್ದು ಹಾರೋ ಗಾಳಿ. ಹಳೇ ಹಲಗೆ ಹೊರಡೋಕೆ 5 ನಾಟ್ ಸಾಕು, ಮುಖಕ್ಕೆ ಗಾಳಿ ಸೋಕಿದ್ದು ಗೊತ್ತಾದ್ರೆ ಸಾಕು.

ಇನ್ನೊಂದು ವಿಷಯ. ಗಾಳಿಯ ವೇಗ ಎರಡರಷ್ಟಾದ್ರೆ ಹಾಯಿಯ ಮೇಲೆ ಬೀಳೋ ಬಲ ನಾಲ್ಕರಷ್ಟಾಗುತ್ತೆ. ಅಂದ್ರೆ 5 ನಾಟಿನ ಆಟಕ್ಕೂ 15 ನಾಟಿನ ಆಟಕ್ಕೂ ಮೂರು ಪಟ್ಟಲ್ಲ, ಒಂಬತ್ತು ಪಟ್ಟು ವ್ಯತ್ಯಾಸ. ಒಂಬತ್ತು ಪಟ್ಟು ಬಲ ತಡೆಯೋ ಮೈ, ಅದನ್ನ ಪಳಗಿಸೋ ಕಲೆ, ನೀರಲ್ಲಿ ಮಲಗಿದ ಹಾಯಿಯಿಂದ ಗಾಳಿಯ ಕೈಲೇ ಎತ್ತಿಸ್ಕೊಳ್ಳೋ ವಾಟರ್‌ಸ್ಟಾರ್ಟ್ ಅನ್ನೋ ವಿದ್ಯೆ, ಗಾಳಿಗೊಂದರಂತೆ ನಾಲ್ಕೈದು ಹಾಯಿ, ಎರಡು ಮೂರು ಹಲಗೆ. ಇಷ್ಟೆಲ್ಲಾ ಇದ್ರೆ ಮಾತ್ರ ಬಾ ಅಂದ್ರು.

"ಗಾಳಿ ಬಂದಾಗ ತೂರಿಕೋ" ಅನ್ನೋದು ನಮ್ಮ ಗಾದೆ. ಭಾನುವಾರ ಒಂದೇ ದಿನ ರಜ ಇರೋನಿಗೆ ಗಾಳಿ ಬರೋದು ಬುಧವಾರ ಮಧ್ಯಾಹ್ನ ಆದ್ರೆ ಅವನು ಎಲ್ಲಿ ತೂರ್ಕೋಬೇಕು? ಒಂದು ವಾರ ಕಾರಿನ ಮೇಲೆ ಬೋರ್ಡು ಕಟ್ಕೊಂಡು ಹೋಗ್ತಾನೆ, ದಡದಲ್ಲಿ ಕೂತು ವಾಪಸ್ ಬರ್ತಾನೆ. ಎರಡನೇ ವಾರವೂ ಅಷ್ಟೇ. ಮೂರನೇ ವಾರ ಹೆಂಡತಿ "ಇವತ್ತಾದ್ರೂ ಮನೆ ಸಾಮಾನು ತರೋಕೆ ಬರ್ತೀರೋ ಇಲ್ವೋ?" ಅಂತ ಕೇಳ್ತಾಳೆ. ಅಲ್ಲಿಗೆ ಆ ಬೋರ್ಡು ಗರಾಜು ಸೇರಿತು ಅಂತಲೇ ಅರ್ಥ. ಆಟ ಬಿಟ್ಟವರಲ್ಲಿ ಎಷ್ಟೋ ಜನ ಹೀಗೆ ಸದ್ದಿಲ್ಲದೆ ಬಿಟ್ಟವರು. ಅವರನ್ನ ಯಾರೂ ಸೋಲಿಸಲಿಲ್ಲ, ಕಾಯಿಸಿ ಕಾಯಿಸಿ ಮನೆಗೆ ಕಳಿಸಿದ್ರು.

*

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು. ಒಂದೊಂದೇ ತಗೊಳ್ಳೋಣ.

ಒಂದು: "ವಿಂಡ್‌ಸರ್ಫಿಂಗನ್ನ ಕೊಂದಿದ್ದು ಕೈಟ್ ಸರ್ಫಿಂಗು." ತಾರೀಖು ನೋಡಿ. ಫ್ರಾನ್ಸಿನ ಲೆಗೆನ್ಯೂ ಸಹೋದರರು ಗಾಳಿ ತುಂಬೋ ಗಾಳಿಪಟಕ್ಕೆ ಪೇಟೆಂಟ್ ಮಾಡಿಸಿದ್ದು 1984ರಲ್ಲೇ ಆದ್ರೂ ಅದು ವಿಪಿಕಾ ಅನ್ನೋ ಹೆಸರಲ್ಲಿ ಅಂಗಡಿಗೆ ಬಂದದ್ದು 1997ರಲ್ಲಿ. ನಾನು ಸೈಕಲ್ ರೇಟಿಗೆ ಬೋರ್ಡು ಕೊಂಡಿದ್ದು ಅದರ ಮರುವರ್ಷ. ಆ ಬೋರ್ಡು ಗರಾಜಿನಲ್ಲಿ ಧೂಳು ತಿನ್ನೋಕೆ ಶುರುವಾಗಿ ಆಗಲೇ ಎಷ್ಟೋ ವರ್ಷ ಆಗಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡಿ.

ಎರಡು: "ಈಗ ಫಾಯಿಲ್ ಬಂದಿದೆಯಲ್ಲ, ಕಮ್ಮಿ ಗಾಳಿಗೂ ಹಾರುತ್ತೆ." ಹೌದು, ಇದು ಗಟ್ಟಿ ವಾದ. ಹಲಗೆಯ ಕೆಳಗೆ ಉದ್ದದ ಕಾಲು, ಅದರ ತುದಿಗೆ ವಿಮಾನದ ಥರ ಪುಟ್ಟ ರೆಕ್ಕೆ. ಸ್ವಲ್ಪ ವೇಗ ಸಿಕ್ಕ ಕೂಡ್ಲೇ ಹಲಗೆ ನೀರು ಬಿಟ್ಟು ಮೇಲೇಳುತ್ತೆ. 8-10 ನಾಟಿಗೆ ಹಾರೋರನ್ನ ನಾನೂ ಬಾಯಿಬಿಟ್ಕೊಂಡು ನೋಡಿದ್ದೀನಿ. ಆದ್ರೆ ಆ ಕಾಲು ಸುಮಾರು ಒಂದು ಮೀಟರ್ ಉದ್ದ. ಎದೆಮಟ್ಟದ ನೀರಲ್ಲಿ, ಕಳೆ ಬೆಳೆದ ಕೆರೆಯಲ್ಲಿ ಅದರ ಆಟ ನಡೆಯಲ್ಲ. ಬಿದ್ರೆ ನೀರಿಗೆ ಬೀಳ್ತೀರೋ ಚೂಪು ರೆಕ್ಕೆ ಮೇಲೆ ಬೀಳ್ತೀರೋ ಅನ್ನೋ ಭಯ ಬೇರೆ. ಬೆಲೆಯ ಮಾತು ಬೇಡವೇ ಬೇಡ. ಹಳೇ ಹಲಗೆಯ ಮುಂದುಗಡೆ ಆರು ವರ್ಷದ ಮಗಳನ್ನ ಲೈಫ್ ಜಾಕೆಟ್ ಹಾಕಿ ಕೂರಿಸ್ಕೊಂಡು ಕೆರೆ ಸುತ್ತಿದವರನ್ನ ನಾನು ನೋಡಿದ್ದೀನಿ. ಫಾಯಿಲ್ ಮೇಲೆ ಅದನ್ನ ಮಾಡಿ ತೋರಿಸಿ, ಆಮೇಲೆ ಮಾತಾಡೋಣ.

ಮೂರು: "ವೇಗವೇ ಪ್ರಗತಿ." 1986ರಲ್ಲಿ ಪ್ಯಾಸ್ಕಲ್ ಮಾಕಾ 38.86 ನಾಟ್ ವೇಗದಲ್ಲಿ ಹೋಗಿ ಹಾಯಿಯಲ್ಲಿ ಓಡೋ ಎಲ್ಲಾ ದೋಣಿಗಳ ದಾಖಲೆಯನ್ನೂ ಮುರಿದ್ರು. 2015ರಲ್ಲಿ ನಮೀಬಿಯಾದ ಲೂಡೆರಿಟ್ಸ್‌ನಲ್ಲಿ ಆಂಟೊಯಿನ್ ಅಲ್ಬೋ 53.27 ನಾಟ್ ಮುಟ್ಟಿದ್ರು. ಗಂಟೆಗೆ ಸುಮಾರು 98 ಕಿಮೀ! ದೊಡ್ಡ ಸಾಧನೆ, ಚಪ್ಪಾಳೆ ಹೊಡೆಯೋಣ. ಆದ್ರೆ ಫಾರ್ಮುಲಾ ಒನ್ ಕಾರು ಓಡುತ್ತೆ ಅಂತ ಅಂಗಡಿಯವರು ಮಾರುತಿ ಮಾರೋದು ನಿಲ್ಲಿಸಿದ್ರೆ ನಾವು ಸುಮ್ನೆ ಇರ್ತಿದ್ವಾ?

*

ಇನ್ನು "ಇದು ನಮ್ಮದು" ಅಂತ ಬಡಿದಾಡಿದವರ ವಿಷಯ. ಇದನ್ನ ಹೇಳದೆ ಕಥೆ ಪೂರ್ತಿ ಆಗಲ್ಲ.

ಶ್ವೈಟ್ಜರ್ ಪೇಟೆಂಟ್ ಹಿಡ್ಕೊಂಡು ಒಬ್ಬೊಬ್ಬರ ಮೇಲೂ ಕೇಸ್ ಹಾಕಿದ್ರು. ಇಂಗ್ಲೆಂಡಿನಲ್ಲಿ ಎದುರು ಪಾರ್ಟಿ ಒಬ್ಬನನ್ನ ಹುಡುಕಿ ತಂದ್ರು: ಪೀಟರ್ ಚಿಲ್ವರ್ಸ್. 1958ರಲ್ಲಿ, 12 ವರ್ಷದ ಹುಡುಗನಾಗಿದ್ದಾಗ, ಹೇಲಿಂಗ್ ದ್ವೀಪದ ಹತ್ರ ಹಲಗೆಗೆ ಹಾಯಿ ಕಟ್ಟಿ ಆಡಿದ್ದ. ಅಮೆರಿಕದಲ್ಲೇ ಪೆನ್ಸಿಲ್ವೇನಿಯಾದ ನ್ಯೂಮನ್ ಡಾರ್ಬಿ ಇಂಥದ್ದೇ ಒಂದನ್ನ ಮಾಡಿ, ಹೇಗೆ ಮಾಡೋದು ಅಂತ 1965ರ ಆಗಸ್ಟ್ ತಿಂಗಳ ಪಾಪ್ಯುಲರ್ ಸೈನ್ಸ್ ಪತ್ರಿಕೆಯಲ್ಲಿ ಬರೆದೂ ಇದ್ರು. 1985ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ಕೋರ್ಟು, ಇವೆರಡು ಮೊದಲೇ ಇದ್ದದ್ದರಿಂದ ಇದು ತಿಳಿದವರಿಗೆ ಸಹಜವಾಗಿ ಹೊಳೆಯೋ ವಿಷಯ ಅಂತ ಹೇಳಿ, ಅಲ್ಲಿಯ ಪೇಟೆಂಟನ್ನ ನಿಲ್ಲಲ್ಲ ಅಂದುಬಿಡ್ತು. ಆ ತೀರ್ಪು ಇವತ್ತಿಗೂ ಪೇಟೆಂಟ್ ಓದೋ ಲಾಯರುಗಳಿಗೆ ಪಾಠ. ಅಮೆರಿಕದಲ್ಲಿ 1986ರಲ್ಲಿ ಪೇಟೆಂಟ್ ಉಳೀತು, ಆದ್ರೆ "ವಿಂಡ್‌ಸರ್ಫರ್" ಅನ್ನೋ ಹೆಸರು ಎಲ್ಲರ ಬಾಯಲ್ಲೂ ಬಿದ್ದು ಸಾಮಾನ್ಯ ಪದ ಆಗಿಹೋಗಿದೆ, ಇನ್ನು ಅದು ಒಬ್ಬರ ಟ್ರೇಡ್‌ಮಾರ್ಕ್ ಅಲ್ಲ ಅಂತ ತೀರ್ಪಾಯ್ತು.

ನನಗೆ ಇದರಲ್ಲಿ ಕಾಣೋದು ಇಷ್ಟು. ಈ ಹಲಗೆಯ ಅಪ್ಪ ಯಾರು ಅಂತ ಎರಡು ಖಂಡದ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ಆಯ್ತು. ಈ ಹಲಗೆ ಯಾರಿಗೋಸ್ಕರ ಅಂತ ಒಂದೇ ಒಂದು ದಿನ ಯಾರೂ ವಾದ ಮಾಡಲಿಲ್ಲ. ಅದೇ ವರ್ಷಗಳಲ್ಲಿ ಆಟ ಕೈತಪ್ಪಿ ಹೋಗ್ತಿತ್ತು.

*

ಈಗ ನಮ್ಮ ದೇಶಕ್ಕೂ ತಟ್ಟೋ ವಿಷಯಕ್ಕೆ ಬರ್ತೀನಿ. ಒಲಿಂಪಿಕ್ಸ್.

ವಿಂಡ್‌ಸರ್ಫಿಂಗ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಅವತ್ತಿನ ಬೋರ್ಡು ವಿಂಡ್‌ಗ್ಲೈಡರ್. 1988ಕ್ಕೆ ಡಿವಿಷನ್ 2 ಅನ್ನೋ ದುಂಡು ಹೊಟ್ಟೆಯ ಬೋರ್ಡು. 1992ಕ್ಕೆ ಲೆಖ್ನರ್. 1996ರಿಂದ 2004ರವರೆಗೆ ಮಿಸ್ಟ್ರಲ್. 2008ರಿಂದ ಟೋಕಿಯೋವರೆಗೆ ಆರ್‌ಎಸ್:ಎಕ್ಸ್. 2024ರ ಪ್ಯಾರಿಸ್ ಕೂಟಕ್ಕೆ ಫಾಯಿಲ್ ಇರೋ ಐಕ್ಯೂಫಾಯಿಲ್. 40 ವರ್ಷ, 11 ಒಲಿಂಪಿಕ್ಸು, 6 ಥರದ ಸಾಮಾನು! ನಡುವೆ 2012ರ ಮೇ ತಿಂಗಳಲ್ಲಿ "ಇದೇ ಬೇಡ, ಕೈಟ್ ಇರಲಿ" ಅಂತ ವೋಟ್ ಹಾಕಿ, ಅದೇ ವರ್ಷ ನವೆಂಬರಿನಲ್ಲಿ "ಇಲ್ಲ ಇಲ್ಲ, ಇದೇ ಇರಲಿ" ಅಂತ ವಾಪಸ್ ತಗೊಂಡದ್ದೂ ಆಯ್ತು.

ಪ್ರತಿ ಸಲ ಸಾಮಾನು ಬದಲಾದಾಗ ಏನಾಗುತ್ತೆ? ದುಡ್ಡಿರೋ ದೇಶಗಳು ಮರುದಿನ ಹೊಸದು ತರಿಸ್ತಾವೆ. ಉಳಿದವರ ಹತ್ರ ಇರೋದು ಒಂದೇ ದಿನದಲ್ಲಿ ಗುಜರಿ. ಅದರ ಜೊತೆಗೆ ಹತ್ತು ವರ್ಷ ಮೈಗೂಡಿಸಿಕೊಂಡ ಅಭ್ಯಾಸವೂ ಗುಜರಿ.

ಉದಾಹರಣೆ ದೂರ ಹುಡುಕಬೇಕಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸಿನಲ್ಲಿ ಭಾರತದ ಇಬಾದ್ ಅಲಿ ಕಂಚು ಗೆದ್ದ. ಯಾವುದರಲ್ಲಿ? ಆರ್‌ಎಸ್:ಎಕ್ಸಿನಲ್ಲಿ. ಟೋಕಿಯೋ ಮುಗಿದ ಮೇಲೆ ಒಲಿಂಪಿಕ್ಸು ಕೈಬಿಟ್ಟಿದ್ದ ಅದೇ ಬೋರ್ಡು! ಹುಡುಗ ಕಷ್ಟಪಟ್ಟು ಮೆಟ್ಟಿಲು ಹತ್ತಿ ಮೇಲೆ ಬರೋ ಹೊತ್ತಿಗೆ ಆ ಮಹಡಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಇದು ಪ್ರಗತಿಯಾ?

ಈಗ ಪಕ್ಕದಲ್ಲೇ ಇರೋ ಇನ್ನೊಂದು ದೋಣಿ ನೋಡಿ, ಲೇಸರ್. 1970ರ ಆಸುಪಾಸಿನಲ್ಲಿ ಬ್ರೂಸ್ ಕರ್ಬಿ ಬರೆದ ನಕ್ಷೆ. ಒಬ್ಬರೇ ನಡೆಸೋ ಪುಟ್ಟ ಹಾಯಿದೋಣಿ. 1996ರಿಂದ ಒಲಿಂಪಿಕ್ಸಿನಲ್ಲಿದೆ. ಹೆಸರು ಈಗ ಇಲ್ಕಾ ಅಂತಾಗಿದೆ, ಸಣ್ಣಪುಟ್ಟ ರಿಪೇರಿ ಆಗಿದೆ, ಆದ್ರೆ ಒಡಲು ಅದೇ. ಹಳೇ ದೋಣಿಯಲ್ಲಿ ಕಲಿತವನು ಹೊಸದರಲ್ಲಿ ರೇಸಿಗೆ ನಿಲ್ಲಬಹುದು. ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತೆ. ಚೆನ್ನೈನ ನೇತ್ರಾ ಕುಮನನ್ ಭಾರತದಿಂದ ಒಲಿಂಪಿಕ್ಸಿಗೆ ಅರ್ಹತೆ ಪಡೆದ ಮೊದಲ ಮಹಿಳಾ ಸೇಲರ್ ಆದದ್ದು, ವಿಷ್ಣು ಸರವಣನ್ ಟೋಕಿಯೋಗೂ ಪ್ಯಾರಿಸ್ಸಿಗೂ ಹೋದದ್ದು ಇದೇ ದೋಣಿಯ ಬೇರೆ ಬೇರೆ ಅಳತೆಯ ಹಾಯಿ ಹಿಡಿದು. ಸಾಮಾನು ಒಂದೇ ಕಡೆ ನಿಂತ್ರೆ ಹಿಂದೆ ಇದ್ದವರು ಬಂದು ಮುಟ್ಟೋಕೆ ಸಮಯ ಸಿಗುತ್ತೆ. ಸಾಮಾನೇ ಓಡ್ತಾ ಇದ್ರೆ?

ಕನ್ನಡದಲ್ಲಿ ಬ್ಲಾಗು ಬರೆಯೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಒಂದೊಂದು ತಂತ್ರಾಂಶಕ್ಕೆ ಒಂದೊಂದು ಫಾಂಟು, ಒಬ್ಬರು ಟೈಪ್ ಮಾಡಿದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬರೀ ಡಬ್ಬ ಡಬ್ಬವಾಗಿ ಕಾಣ್ತಿದ್ದ ಕಾಲ ನೆನಪಿದೆ ತಾನೆ? ಯೂನಿಕೋಡ್ ಅಂತ ಒಂದು ಕಡೆ ನಿಂತ ಮೇಲೆ ಅಲ್ವಾ ಯಾವುದೋ ಊರಿನ ಸೈಬರ್ ಕೆಫೆಯಲ್ಲಿ ಕೂತೋರೂ ಬರೆಯೋಕೆ ಶುರುಮಾಡಿದ್ದು? ಎಲ್ಲರಿಗೂ ಒಂದೇ ಅಳತೆ, ಅದೂ ಆಗಾಗ ಬದಲಾಗದ ಅಳತೆ. ಬಾಗಿಲು ತೆರೆಯೋದು ಅದರಿಂದ. ಹಳೇ ವಿಂಡ್‌ಸರ್ಫರ್ ವರ್ಗವೂ ಹಾಗೇ ಇತ್ತು. ಎಲ್ಲರ ಕೈಲೂ ಅದೇ ಹಲಗೆ, ಅದೇ ಹಾಯಿ. ಅದೇ ಒಂದರ ಮೇಲೆ ರೇಸು, ಅದೇ ಒಂದರ ಮೇಲೆ ಸ್ಲಾಲಮ್ಮು, ಅದೇ ಒಂದರ ಮೇಲೆ ಫ್ರೀಸ್ಟೈಲು, ದೂರದ ಓಟ. ಗೆದ್ದೋನು ಗೆದ್ದ ಅಂದ್ರೆ ಅವನ ಪರ್ಸು ಗೆದ್ದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರ್ತಿತ್ತು.

*

ಕಂಪನಿಗಳಿಗೂ ಇದು ಗೊತ್ತಾಗಿಲ್ಲ ಅಂತಲ್ಲ. 2000ದ ಸುಮಾರಿಗೆ ಕಲಿಯೋರಿಗೆ ಅಂತ ಅಗಲವಾದ, ಚೆನ್ನಾಗಿ ತೇಲೋ ಬೋರ್ಡುಗಳು ಮತ್ತೆ ಬಂದವು. ಸ್ಟಾರ್‌ಬೋರ್ಡ್ ಕಂಪನಿಯ ಆ ಕೆಲಸದಲ್ಲಿ, ಎಪ್ಪತ್ತು ದಾಟಿದ್ದ ಜಿಮ್ ಡ್ರೇಕ್ ಕೂಡ ಕೈಜೋಡಿಸಿದ್ರು. ಅವರು ತೀರಿಕೊಂಡದ್ದು 2012ರಲ್ಲಿ. ಆಮೇಲೆ 2010ರ ದಶಕದ ಕೊನೆಯಲ್ಲಿ ಹಳೇ ವಿಂಡ್‌ಸರ್ಫರನ್ನೇ ಸ್ವಲ್ಪ ಹಗುರ ಮಾಡಿ, ಅದೇ 12 ಅಡಿ ಉದ್ದ, ಅದೇ ಡ್ಯಾಗರ್‌ಬೋರ್ಡು ಇಟ್ಟು "ವಿಂಡ್‌ಸರ್ಫರ್ ಎಲ್‌ಟಿ" ಅಂತ ಮತ್ತೆ ಮಾಡಿದ್ರು. ಅದರ ರೇಸುಗಳಿಗೆ ಹಳೇ ಚಾಂಪಿಯನ್ನುಗಳೂ ಬರ್ತಾರೆ, ಅವರ ಮಕ್ಕಳೂ ಬರ್ತಾರೆ. ಬರೀ ವಯಸ್ಸಿನ ನೆನಪಾಗಿದ್ರೆ ಮಕ್ಕಳು ಯಾಕೆ ಬರಬೇಕಿತ್ತು, ಹೇಳಿ?

ಹಾಗಾಗಿ "ಹಳೇದನ್ನ ಮ್ಯೂಸಿಯಮ್ಮಿನಲ್ಲಿ ಇಡಿ" ಅನ್ನೋದು ನನ್ನ ಬೇಡಿಕೆ ಅಲ್ಲ. ಡಾರ್ಬಿಯವರ ಕಾಗದಪತ್ರ, ನಕ್ಷೆ ಎಲ್ಲಾ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ಭದ್ರವಾಗಿವೆ, ಆ ಕೆಲಸ ಆಗಿದೆ. ನನ್ನ ಬೇಡಿಕೆ ಮೂರೇ ಮೂರು.

ಒಂದು, ಕಲಿಸೋ ಕ್ಲಬ್ಬುಗಳು ಉದ್ದದ ಬೋರ್ಡನ್ನ "ಕಲಿಯೋವರೆಗೆ ಮಾತ್ರ" ಅನ್ನೋ ಮೂರು ಗಾಲಿ ಸೈಕಲ್ಲಿನ ಥರ ನೋಡೋದು ಬಿಡಬೇಕು. ಜೀವನಪೂರ್ತಿ ಅದರಲ್ಲೇ ಇರ್ತೀನಿ ಅನ್ನೋನು ಹಿಂದುಳಿದವನಲ್ಲ.

ಎರಡು, ದೊಡ್ಡ ಕೂಟಗಳಲ್ಲಿ ಒಂದಾದ್ರೂ ವರ್ಗ ಬದಲಾಗದೆ ಇಪ್ಪತ್ತು ವರ್ಷ ನಿಲ್ಲಬೇಕು. ಬೇಕಿದ್ರೆ ಪಕ್ಕದಲ್ಲಿ ಫಾಯಿಲ್ ಹಾರಿಸಿ, ಬೇಡ ಅಂದವರಾರು?

ಮೂರು, ಭಾರತದಂಥ ಕಡೆ ಈ ಆಟ ಬೆಳೀಬೇಕು ಅಂದ್ರೆ ದುಬಾರಿ ಕಾರ್ಬನ್ ರೆಕ್ಕೆ ತರಿಸೋಕೆ ಮುಂಚೆ, ಕೆರೆಗೋ ಜಲಾಶಯಕ್ಕೋ ಹತ್ತು ಗಟ್ಟಿಮುಟ್ಟಾದ ಉದ್ದದ ಹಲಗೆ ಇಳಿಸಿ. ಕೆರೆಯ ಮೆಲುಗಾಳಿ ಅವಕ್ಕೆ ಸಾಕು. ಹುಡುಗರು ಹುಡುಗಿಯರು ಬಿದ್ದು ಎದ್ದು ಕಲೀಲಿ. ಅವರಲ್ಲಿ ಒಬ್ಬರು ಮುಂದೆ ಹಾರಬಹುದು. ಉಳಿದ ಒಂಬತ್ತು ಜನ ಹಾರದಿದ್ರೂ ಭಾನುವಾರ ಭಾನುವಾರ ನೀರಿಗಿಳೀತಾರೆ, ತಮ್ಮ ಮಕ್ಕಳನ್ನೂ ಕರ್ಕೊಂಡು ಬರ್ತಾರೆ. ಆಟ ಅನ್ನೋದು ಬದುಕೋದು ಆ ಒಂಬತ್ತು ಜನರಿಂದ.

ಇದನ್ನ ಓದಿ "ಇವರಿಗೆ ಹೊಸದು ಅಂದ್ರೆ ಆಗಲ್ಲ" ಅಂತ ಕಾಮೆಂಟ್ ಹಾಕೋಕೆ ಹೊರಟವರಿಗೆ ಒಂದು ಸಣ್ಣ ವಿನಂತಿ. ಹೊಸದು ಬರಲಿ, ದಿನಕ್ಕೊಂದು ಬರಲಿ. ಆದ್ರೆ ಪ್ರತಿ ಸಲ ಹೊಸದು ಬಂದಾಗ "ಎಷ್ಟು ವೇಗ?" ಅಂತ ಕೇಳೋ ಬದಲು "ಇದರಿಂದ ಎಷ್ಟು ಜನ ಒಳಗೆ ಬಂದ್ರು, ಎಷ್ಟು ಜನ ಆಚೆ ಹೋದ್ರು?" ಅಂತ ಒಂದು ಸಲ ಕೇಳಿ ನೋಡಿ. ವಿಂಡ್‌ಸರ್ಫಿಂಗಿನಲ್ಲಿ ಆ ಪ್ರಶ್ನೆ ಕೇಳೋರೇ ಇರಲಿಲ್ಲ.

ನಿಮ್ಮ ನಿಮ್ಮ ಕಸುಬಿನಲ್ಲಿ, ನಿಮ್ಮ ಆಟದಲ್ಲಿ ಹೀಗೆ "ಸುಧಾರಣೆ" ಹೆಸರಲ್ಲಿ ಕಳೆದುಹೋದ ಒಳ್ಳೇ ಸಾಮಾನು ಯಾವುದಾದ್ರೂ ಇದ್ರೆ ಬರೀರಿ, ಓದೋಕೆ ಕಾಯ್ತಿರ್ತೀನಿ. ಜಗಳ ಆಡೋರಿಗೂ ಸ್ವಾಗತ. ಏನಂತೀರ?